ನ್ಯೂಮ್ಯಾಟಿಕ್ ಪ್ಲಾಂಟರ್ ಬೀಜ ತಪ್ಪಿಸುತ್ತಿದೆಯಾ? ಬ್ಲೋವರ್ ಬಿಚ್ಚುವ ಮೊದಲು ಇಷ್ಟು ನೋಡಿ

ರೋಹಿಣಿ ಮಳೆಗೆ ಮೆಕ್ಕೆಜೋಳ ಬಿತ್ತಿ ವಾರ ಕಳೆಯುವ ಹೊತ್ತಿಗೆ ಶಿಕಾರಿಪುರ, ಸೊರಬ ಕಡೆಯಿಂದ ಫೋನ್ ಶುರುವಾಗುತ್ತವೆ. "ಸಾಲಲ್ಲಿ ಗ್ಯಾಪ್ ಬಿದ್ದಿದೆ ಅಣ್ಣ, ಬ್ಲೋವರ್ ಹೋಗಿರಬೇಕು." ಗಾಳಿಯ ಎಳೆತದಿಂದ ಬೀಜ ಬಿತ್ತುವ ಈ ಪ್ಲಾಂಟರನ್ನು ಸೆಕೆಂಡ್ ಹ್ಯಾಂಡ್ ಕೊಂಡವರೆಲ್ಲ ಮೊದಲು ಅನುಮಾನ ಪಡುವುದು ಗಾಳಿ ಎಳೆಯುವ ಫ್ಯಾನ್, ಅಂದರೆ ಬ್ಲೋವರ್ ಮೇಲೆಯೇ. ಅದು ದೊಡ್ಡದಾಗಿ ಕಾಣುತ್ತದೆ, ಜೋರಾಗಿ ಸದ್ದು ಮಾಡುತ್ತದೆ, ರಿಪೇರಿಯೂ ದುಬಾರಿ. ಆದರೆ ನಾನು ನೋಡಿದ ಮಟ್ಟಿಗೆ ಬ್ಲೋವರ್ ನಿಜವಾಗಿ ಕೈಕೊಡುವುದು ಕಡಿಮೆ. ಸವೆದ ಸೀಲು (ಗಾಳಿ ಸೋರದಂತೆ ತಡೆಯುವ ರಿಂಗು), ಜಾರುವ ಬೆಲ್ಟು, ಇಲಿ ಕಡಿದ ಪೈಪು, ಇಂಥವೇ ಜಾಸ್ತಿ. ಹಾಗಾಗಿ ಇಲ್ಲಿ ಬ್ಲೋವರ್ ಸರದಿ ಕೊನೆಗೆ ಬರುತ್ತದೆ.

ಮೊದಲು ಒಂದು ಮಾತು. ಮೊಬೈಲಿನಲ್ಲಿ ಏರ್ ಸೀಡರ್ ಅಂತ ಹುಡುಕಿದರೆ ಆಸ್ಟ್ರೇಲಿಯಾ, ಕೆನಡಾದ ದೈತ್ಯ ಯಂತ್ರಗಳ ವಿಡಿಯೋ ಬರುತ್ತವೆ. ಅವುಗಳಲ್ಲಿ ಗಾಳಿ ಬೀಜವನ್ನು ಪೈಪಿನೊಳಗೆ ತಳ್ಳಿಕೊಂಡು ಹೋಗುತ್ತದೆ. ನಮ್ಮಲ್ಲಿ ಓಡಾಡುವ ನಾಲ್ಕು ಸಾಲಿನ ಪ್ಲಾಂಟರಿನಲ್ಲಿ ಗಾಳಿ ಬೀಜವನ್ನು ಎಳೆದು ಹಿಡಿಯುತ್ತದೆ. ಎರಡಕ್ಕೂ ಕೆಲಸ ಬೇರೆ, ರೋಗವೂ ಬೇರೆ. ಆ ವಿಡಿಯೋ ನೋಡಿ ಇಲ್ಲಿ ನಟ್ಟು ತಿರುಗಿಸಬೇಡಿ.

ನಮ್ಮ ಯಂತ್ರದ ಕೆಲಸ ಸರಳ. ಟ್ರ್ಯಾಕ್ಟರಿನ ಪಿಟಿಓ (ಯಂತ್ರ ಓಡಿಸಲು ಹಿಂದೆ ಇರುವ ತಿರುಗುವ ಶಾಫ್ಟ್) ಬ್ಲೋವರನ್ನು ತಿರುಗಿಸುತ್ತದೆ. ಬ್ಲೋವರ್ ಪ್ರತಿ ಸಾಲಿನ ಡಬ್ಬಿಯಿಂದ ಗಾಳಿ ಎಳೆಯುತ್ತದೆ. ಡಬ್ಬಿಯೊಳಗೆ ನಿಂತಿರುವ ತೂತಿನ ತಟ್ಟೆಯ ಒಂದು ಬದಿ ಬೀಜ, ಇನ್ನೊಂದು ಬದಿ ಎಳೆತ. ಒಂದೊಂದು ತೂತಿಗೆ ಒಂದೊಂದು ಬೀಜ ಅಂಟಿಕೊಂಡು ಮೇಲೆ ಬರುತ್ತದೆ. ಎರಡು ಅಂಟಿದ್ದರೆ ಸ್ಕ್ರೇಪರ್ ಒಂದನ್ನು ತಟ್ಟಿ ಬೀಳಿಸುತ್ತದೆ. ತಟ್ಟೆ ಕೆಳಗೆ ತಿರುಗಿದಾಗ ಎಳೆತ ತಪ್ಪಿ ಬೀಜ ಸಾಲಿಗೆ ಬೀಳುತ್ತದೆ. ತಟ್ಟೆಯನ್ನು ತಿರುಗಿಸುವುದು ಪಿಟಿಓ ಅಲ್ಲ, ನೆಲದ ಮೇಲೆ ಉರುಳುವ ಚಕ್ರ. ಇದನ್ನು ನೆನಪಿಟ್ಟುಕೊಂಡರೆ ಅರ್ಧ ರಿಪೇರಿ ಆದ ಹಾಗೆ.

ಮೊದಲು ಮಣ್ಣು ಕೆದಕಿ

ಗ್ಯಾಪ್ ಕಂಡ ಜಾಗದಲ್ಲಿ ಕುಡುಗೋಲಿನ ತುದಿಯಿಂದ ಮೆಲ್ಲಗೆ ಮಣ್ಣು ಸರಿಸಿ. ಬೀಜ ಇದೆಯಾ, ಇಲ್ಲವಾ? ಇದೊಂದೇ ಪ್ರಶ್ನೆ. ಬೀಜ ಇದ್ದು ಮೊಳೆತಿಲ್ಲ ಅಂದರೆ ಪ್ಲಾಂಟರಿನ ಎಳೆತದ ತಪ್ಪಲ್ಲ. ಆಳ ಜಾಸ್ತಿ ಆಗಿರಬಹುದು, ಗೊಬ್ಬರ ಬೀಜದ ಪಕ್ಕದಲ್ಲೇ ಬಿದ್ದು ಸುಟ್ಟಿರಬಹುದು, ಬೀಜವೇ ಹಳೆಯದಿರಬಹುದು.

ಮಲೆನಾಡಿನ ಅಂಚಿನ ಹೊಲಗಳಲ್ಲಿ ಇನ್ನೂ ಇಬ್ಬರು ಆರೋಪಿಗಳಿದ್ದಾರೆ. ನವಿಲು ಮೊಳಕೆಯನ್ನು ಕಿತ್ತು ಕಾಳು ತಿನ್ನುತ್ತದೆ. ಅಲ್ಲಿ ಸಣ್ಣ ಗುಂಡಿ, ಪಕ್ಕದಲ್ಲಿ ಬಾಡಿದ ಮೊಳಕೆ ತುಂಡು ಸಿಗುತ್ತದೆ. ಕಾಡುಹಂದಿ ಸಾಲು ಹಿಡಿದೇ ಮೂತಿ ಹಾಕಿ ಹೋಗುತ್ತದೆ, ಮಣ್ಣು ಉದ್ದಕ್ಕೂ ಎದ್ದಿರುತ್ತದೆ. ಕಾಡಿನ ಪಕ್ಕದ ನಾಲ್ಕು ಸಾಲು ಖಾಲಿಯಾಗಿ, ರಸ್ತೆ ಕಡೆಯ ಸಾಲುಗಳು ತುಂಬಿಕೊಂಡಿದ್ದರೆ ಮೆಕ್ಯಾನಿಕ್‌ನ ಕರೆಸಬೇಡಿ.

ಇದಕ್ಕಿಂತ ಒಳ್ಳೇದು ಬಿತ್ತುವ ದಿನವೇ ನೋಡುವುದು. ಮೊದಲ ಸಾಲು ಹೊಡೆದ ಕೂಡಲೇ ಐದು ಮೀಟರ್ ಅಳೆದು ಮಣ್ಣು ಸರಿಸಿ ಕಾಳು ಎಣಿಸಿ. 20 ಸೆಂ.ಮೀ. ಅಂತರಕ್ಕೆ ಇಟ್ಟಿದ್ದರೆ 25 ಕಾಳು ಸಿಗಬೇಕು. 30 ಸೆಂ.ಮೀ. ಆದರೆ 16 ಅಥವಾ 17. ನಾಲ್ಕೂ ಸಾಲಲ್ಲಿ ಎಣಿಸಿ. ಹತ್ತು ನಿಮಿಷದ ಕೆಲಸ. ಬಾಡಿಗೆಗೆ ಹೊಡೆಯುವವರು ಇದನ್ನು ಮಾಡುವುದಿಲ್ಲ, ಅವರಿಗೆ ಎಕರೆ ಲೆಕ್ಕ. ಹೊಲದ ಯಜಮಾನನೇ ಟೇಪ್ ಹಿಡಿದು ನಿಲ್ಲಬೇಕು.

ಗ್ಯಾಪ್ ಹೇಗೆ ಬಿದ್ದಿದೆ ಅಂತ ಓದಿ

ಬೀಜ ಬಿದ್ದೇ ಇಲ್ಲ ಅಂತ ಗೊತ್ತಾದರೆ ಯಂತ್ರಕ್ಕೆ ಕೈ ಹಾಕುವ ಮೊದಲು ಹೊಲದಲ್ಲಿ ಓಡಾಡಿ. ಗ್ಯಾಪಿನ ಚಿತ್ರ ಬಿಡಿಸಿಕೊಳ್ಳಿ.

ಒಂದೇ ಸಾಲಲ್ಲಿ ಮಾತ್ರ ಗ್ಯಾಪ್ ಇದ್ದು ಉಳಿದ ಮೂರು ಸರಿ ಇದ್ದರೆ ಬ್ಲೋವರ್ ಚೆನ್ನಾಗಿದೆ. ಆ ಸಾಲಿನ ಡಬ್ಬಿ, ತಟ್ಟೆ, ಸೀಲು, ಪೈಪು ಇಷ್ಟೇ ನೋಡಬೇಕಾದ್ದು.

ಅದೇ ಸಾಲಲ್ಲಿ ಗ್ಯಾಪ್ ಸಮ ದೂರಕ್ಕೆ ಮರುಕಳಿಸುತ್ತಿದ್ದರೆ ಇನ್ನೂ ಸುಲಭ. 26 ತೂತಿನ ತಟ್ಟೆ, 20 ಸೆಂ.ಮೀ. ಅಂತರ ಅಂದುಕೊಳ್ಳಿ. ತಟ್ಟೆ ಒಂದು ಸುತ್ತು ಮುಗಿಸುವಷ್ಟರಲ್ಲಿ 5.2 ಮೀಟರ್ ನೆಲ ಸರಿದಿರುತ್ತದೆ. ಪ್ರತಿ 5.2 ಮೀಟರಿಗೆ ಒಂದು ಬೀಜ ತಪ್ಪುತ್ತಿದ್ದರೆ ಒಂದು ತೂತು ಮುಚ್ಚಿಹೋಗಿದೆ. ಅದೇ ದೂರಕ್ಕೆ ಮೂರು-ನಾಲ್ಕು ಬೀಜ ಒಟ್ಟಿಗೆ ತಪ್ಪುತ್ತಿದ್ದರೆ ತಟ್ಟೆ ಬಗ್ಗಿದೆ, ಆ ಭಾಗದಲ್ಲಿ ಸೀಲಿಗೆ ಕೂರುತ್ತಿಲ್ಲ.

ಅಡ್ಡಕ್ಕೆ ನಿಂತು ನೋಡಿದಾಗ ನಾಲ್ಕೂ ಸಾಲಲ್ಲಿ ಒಂದೇ ಗೆರೆಯಲ್ಲಿ ಗ್ಯಾಪ್ ಇದ್ದರೆ ಅದು ಚಕ್ರದಿಂದ ತಟ್ಟೆಗಳನ್ನು ತಿರುಗಿಸುವ ಚೈನ್ ಹಾರಿದ್ದು, ಇಲ್ಲವೇ ಚಕ್ರ ಬದುವಿನ ಮೇಲೆ ಹತ್ತಿ ನೆಲ ಬಿಟ್ಟಿದ್ದು. ಪ್ರತಿ ಸಾಲಿನ ಶುರುವಿನಲ್ಲಿ ಮಾತ್ರ ಒಂದೆರಡು ಮೀಟರ್ ಖಾಲಿ ಇದ್ದರೆ ಡ್ರೈವರ್ ತಿರುಗಿಸುವಾಗ ಪಿಟಿಓ ಆಫ್ ಮಾಡುತ್ತಿದ್ದಾನೆ. ಎಳೆತ ನಿಂತ ಕೂಡಲೇ ತಟ್ಟೆಯ ಬೀಜವೆಲ್ಲ ಉದುರಿ, ಮತ್ತೆ ತುಂಬಿಕೊಳ್ಳಲು ಅಷ್ಟು ದೂರ ಬೇಕಾಗುತ್ತದೆ. ಪಿಟಿಓ ಓಡುತ್ತಿರಲಿ, ಆದರೆ ಪ್ಲಾಂಟರನ್ನು ಪೂರ್ತಿ ಮೇಲಕ್ಕೆ ಎತ್ತಬೇಡಿ. ಶಾಫ್ಟಿನ ಕ್ರಾಸ್ ಬೇರಿಂಗ್ ಆ ಕೋನದಲ್ಲಿ ಕಟಕಟ ಅನ್ನುತ್ತದೆ, ಬಾಳಿಕೆ ಬರುವುದಿಲ್ಲ.

ಎಲ್ಲ ಸಾಲಲ್ಲೂ ಅಲ್ಲೊಂದು ಇಲ್ಲೊಂದು ಲೆಕ್ಕವಿಲ್ಲದ ಗ್ಯಾಪ್ ಇದ್ದರೆ ಮಾತ್ರ ಎಳೆತದ ಮೂಲದ ಕಡೆ ಹೋಗಬೇಕು.

ಒಂದೇ ಸಾಲಿನ ತೊಂದರೆ

ಸುಲಭದ ಪರೀಕ್ಷೆ ಇದು. ಕೆಟ್ಟ ಸಾಲಿನ ತಟ್ಟೆಯನ್ನು ಒಳ್ಳೆ ಸಾಲಿಗೆ ಹಾಕಿ, ಒಳ್ಳೆಯದನ್ನು ಇಲ್ಲಿಗೆ ತನ್ನಿ. ಗ್ಯಾಪ್ ತಟ್ಟೆಯ ಜೊತೆ ಹೋಯಿತಾ? ತಟ್ಟೆಯದೇ ತಪ್ಪು. ಅಲ್ಲೇ ಉಳಿಯಿತಾ? ಸೀಲು ಅಥವಾ ಪೈಪು.

ತಟ್ಟೆಯನ್ನು ಕಿಟಕಿ ಗಾಜಿನ ಮೇಲೆ ಮಲಗಿಸಿ ಅಂಚನ್ನು ಬೆರಳಿನಿಂದ ಒತ್ತಿ. ಟಕ್ ಟಕ್ ಅಂತ ಅಲುಗಾಡಿದರೆ ಬಗ್ಗಿದೆ. ಸುತ್ತಿಗೆಯಲ್ಲಿ ತಟ್ಟಿ ಸರಿ ಮಾಡುವ ಆಸೆ ಬೇಡ. ಒಂದು ಕಡೆ ಇಳಿದರೆ ಇನ್ನೊಂದು ಕಡೆ ಏಳುತ್ತದೆ. ತೂತುಗಳನ್ನು ಬೆಳಕಿಗೆ ಹಿಡಿದು ನೋಡಿ. ಮುರಿದ ಕಾಳಿನ ಚೂರು ಸಿಕ್ಕಿಕೊಂಡಿದ್ದರೆ ಬಿದಿರು ಕಡ್ಡಿಯಿಂದ ಹಿಂದಿನಿಂದ ತಳ್ಳಿ. ಮೊಳೆ ಹಾಕಿದರೆ ತೂತು ಗೀಚಿ ದೊಡ್ಡದಾಗುತ್ತದೆ. ಹಳೇ ಯಂತ್ರದ ಜೊತೆ ಬಂದ ತಟ್ಟೆ ಮೆಕ್ಕೆಜೋಳದ್ದೇ ಅಂತ ನಂಬಬೇಡಿ. ಸೂರ್ಯಕಾಂತಿ ತಟ್ಟೆಯನ್ನೇ ಹಾಕಿಕೊಂಡು ಬಿತ್ತಿದವರಿದ್ದಾರೆ. ಮೆಕ್ಕೆಜೋಳಕ್ಕೆ ತೂತು ಸಾಮಾನ್ಯವಾಗಿ 5 ಮಿ.ಮೀ. ಆಸುಪಾಸು ಇರುತ್ತದೆ, ಸೂರ್ಯಕಾಂತಿಯದು ಅದರ ಅರ್ಧದಷ್ಟು. ಸಣ್ಣ ತೂತಿಗೆ ದಪ್ಪ ಕಾಳು ಅಂಟಿದರೂ ಮೇಲೆ ಬರುವಷ್ಟರಲ್ಲಿ ಜಾರಿ ಬೀಳುತ್ತದೆ. ತೂತು ಅತಿ ದೊಡ್ಡದಾದರೆ ಸಣ್ಣ ಕಾಳು ಒಳಗೇ ಸಿಕ್ಕಿಕೊಳ್ಳುತ್ತದೆ. ಬೀಜದ ಚೀಲ ಬದಲಾಯಿಸಿದಾಗಲೂ ಹೀಗಾಗುತ್ತದೆ. ಒಂದೇ ತಳಿಯ ಎರಡು ಚೀಲದಲ್ಲಿ ಕಾಳಿನ ಗಾತ್ರ ಒಂದೇ ಇರಬೇಕೆಂದಿಲ್ಲ.

ಸೀಲಿನ ಕಥೆ ಬೇರೆ. ತಟ್ಟೆ ಉಜ್ಜುವ ಜಾಗದಲ್ಲಿ ಉಗುರು ಎಳೆದು ನೋಡಿ. ಉಗುರು ಸಿಕ್ಕಿಹಾಕಿಕೊಳ್ಳುವಷ್ಟು ಗೀರು ಬಿದ್ದಿದ್ದರೆ ಗಾಳಿ ಅಲ್ಲಿಂದ ಸೋರುತ್ತಿದೆ. ಹೊಸ ಸೀಲು ಸಿಗಲಿಲ್ಲ ಅಂತ ಟ್ರ್ಯಾಕ್ಟರ್ ಟ್ಯೂಬಿನ ರಬ್ಬರ್ ಕತ್ತರಿಸಿ ಹಾಕುವುದನ್ನು ಕಂಡಿದ್ದೇನೆ. ರಬ್ಬರ್ ತಟ್ಟೆಯನ್ನು ಹಿಡಿದುಕೊಳ್ಳುತ್ತದೆ, ಚೈನಿಗೆ ಭಾರ ಬೀಳುತ್ತದೆ, ಅರ್ಧ ದಿನದಲ್ಲಿ ಕಿತ್ತು ಬರುತ್ತದೆ. ಲೇತ್ ಅಂಗಡಿಯಲ್ಲಿ ಹಳೇ ಸೀಲು ಕೊಟ್ಟು ಅದೇ ಅಳತೆಗೆ ಟೆಫ್ಲಾನ್ ರಿಂಗ್ ಮಾಡಿಸುವುದು ಮೇಲು. ದಪ್ಪ ಮಾತ್ರ ಸರಿಯಾಗಿ ಅಳೆದು ಕೊಡಿ. ಸವೆದ ಸೀಲಿನ ದಪ್ಪವನ್ನೇ ಅಳೆದರೆ ಸವೆದ ಸೀಲೇ ವಾಪಸ್ ಬರುತ್ತದೆ, ಅಲ್ವಾ? ಸವೆಯದ ಅಂಚಿನಲ್ಲಿ ಅಳೆಯಿರಿ.

ಇನ್ನು ಪೈಪು. ಮಳೆಗಾಲ ಪೂರ್ತಿ ಅಡಿಕೆ ಶೆಡ್ಡಿನಲ್ಲಿ ನಿಂತ ಪ್ಲಾಂಟರಿನ ಪೈಪಿಗೆ ಎರಡು ಶತ್ರುಗಳು. ಇಲಿ ಹೊರಗಿನಿಂದ ಕಡಿಯುತ್ತದೆ, ಕಣಜ ಒಳಗೆ ಮಣ್ಣಿನ ಗೂಡು ಕಟ್ಟುತ್ತದೆ. ಗೂಡು ಇದ್ದರೆ ಆ ಸಾಲಿಗೆ ಎಳೆತವೇ ಇರುವುದಿಲ್ಲ. ಪೈಪು ಬಿಚ್ಚಿ ಒಂದು ತುದಿಯಿಂದ ಆಕಾಶ ನೋಡಿ, ಬೆಳಕು ಕಾಣಬೇಕು. ಬಿರುಕು ಹುಡುಕುವುದು ಸ್ವಲ್ಪ ಕಷ್ಟ, ಅದು ಬಗ್ಗಿದ ಜಾಗದ ಒಳಮೈಯಲ್ಲಿ ಇರುತ್ತದೆ. ಪಂಕ್ಚರ್ ನೋಡುವ ಹಾಗೆ ಸೋಪಿನ ನೀರು ಹಚ್ಚಿದರೆ ಇಲ್ಲಿ ಗುಳ್ಳೆ ಬರುವುದಿಲ್ಲ. ಗಾಳಿ ಒಳಗೆ ಹೋಗುತ್ತಿದೆ, ಹೊರಗೆ ಬರುತ್ತಿಲ್ಲ. ಅದಕ್ಕೆ ಊದುಬತ್ತಿ ಬೇಕು. ಪ್ಲಾಂಟರ್ ನಿಲ್ಲಿಸಿಯೇ ಬ್ಲೋವರ್ ಓಡಿಸಿ, ಪೈಪಿನ ಉದ್ದಕ್ಕೂ ಊದುಬತ್ತಿ ಹಿಡಿದು ನಿಧಾನ ಸಾಗಿ. ನೇರ ಏಳುತ್ತಿದ್ದ ಹೊಗೆ ತಟ್ಟನೆ ಬಗ್ಗಿ ಪೈಪಿನೊಳಗೆ ನುಗ್ಗುವ ಜಾಗವೇ ಬಿರುಕು. ಡಬ್ಬಿಯ ಮುಚ್ಚಳದ ಅಂಚಿನಲ್ಲೂ ಹೀಗೇ ನೋಡಿ. ಗಾಳಿ ಬೀಸದ ಬೆಳಗಿನ ಹೊತ್ತು ಇದಕ್ಕೆ ಸರಿ.

ಇದನ್ನೆಲ್ಲ ಮಾಡುವಾಗ ಪಿಟಿಓ ಶಾಫ್ಟಿನ ಗಾರ್ಡ್ ಇರಲೇಬೇಕು. ಲುಂಗಿ, ಹೆಗಲ ಮೇಲಿನ ಟವೆಲ್, ಸಡಿಲ ತೋಳಿನ ಅಂಗಿ ಬೇಡ. ಟ್ರ್ಯಾಕ್ಟರ್ ಸೀಟಿನ ಮೇಲೆ ಒಬ್ಬರು ಕೂತೇ ಇರಲಿ. ಶಾಫ್ಟ್ ಬಟ್ಟೆ ಹಿಡಿದರೆ ಬಿಡಿಸಿಕೊಳ್ಳಲು ಸಮಯ ಕೊಡುವುದಿಲ್ಲ.

ಬೀಜೋಪಚಾರದ ಪುಡಿ

ಇದಕ್ಕೆ ಬೇರೆಯೇ ಜಾಗ ಕೊಡಬೇಕು, ಅಷ್ಟು ಸಾಮಾನ್ಯ. 2018ರಲ್ಲಿ ಫಾಲ್ ಸೈನಿಕ ಹುಳು ಭಾರತದಲ್ಲಿ ಮೊದಲು ಪತ್ತೆಯಾಗಿದ್ದು ನಮ್ಮ ಶಿವಮೊಗ್ಗದ ಮೆಕ್ಕೆಜೋಳದಲ್ಲೇ. ಆಮೇಲೆ ಸಯಾಂಟ್ರಾನಿಲಿಪ್ರೋಲ್, ಥಯಾಮೆಥಾಕ್ಸಮ್ ಸೇರಿದ ಔಷಧಿಯಿಂದ ಬೀಜೋಪಚಾರ ಮಾಡುವುದು ರೂಢಿಗೆ ಬಂತು. ಹುಳಕ್ಕೆ ಒಳ್ಳೇದು, ಹಳೇ ತಟ್ಟೆಗೆ ಅಷ್ಟು ಒಳ್ಳೇದಲ್ಲ. ಮನೆಯಲ್ಲಿ ಔಷಧಿ ಬೆರೆಸಿ ಸರಿಯಾಗಿ ಆರಿಸದೆ ಡಬ್ಬಿಗೆ ಸುರಿದರೆ ಕಾಳು ಕಾಳಿಗೆ ಅಂಟುತ್ತದೆ. ತೂತಿನ ಸುತ್ತ ಕೆಂಪು ಪೇಸ್ಟ್ ಕಟ್ಟುತ್ತದೆ. ಜೂನ್ ತಿಂಗಳ ನಮ್ಮ ತೇವದ ಗಾಳಿಯಲ್ಲಿ ಇದು ಇನ್ನೂ ಜಾಸ್ತಿ. ನೆರಳಲ್ಲಿ ಪೂರ್ತಿ ಆರಿಸಿ, ಕೈಗವಸು ಹಾಕಿಕೊಂಡೇ ತುಂಬಿ. ಮೇಲೆ ಸ್ವಲ್ಪ ಟಾಲ್ಕ್ ಅಥವಾ ಗ್ರಾಫೈಟ್ ಪುಡಿ ಬೆರೆಸಿದರೆ ಕಾಳು ಸಲೀಸಾಗಿ ಸರಿಯುತ್ತದೆ. ಸಂಜೆ ಡಬ್ಬಿ ಖಾಲಿ ಮಾಡಿ ತಟ್ಟೆ ಒರೆಸಿಡಿ.

ಬ್ಲೋವರ್ ಎಳೆದ ಗಾಳಿಯ ಜೊತೆ ಆ ಔಷಧಿಯ ಪುಡಿಯೂ ಹೊರಗೆ ಬರುತ್ತದೆ ಅನ್ನುವುದು ತುಂಬಾ ಜನಕ್ಕೆ ಹೊಳೆಯುವುದಿಲ್ಲ. 2008ರಲ್ಲಿ ಜರ್ಮನಿಯ ರೈನ್ ಕಣಿವೆಯಲ್ಲಿ ಕ್ಲೋಥಿಯಾನಿಡಿನ್ ಎಂಬ ಕೀಟನಾಶಕ ಹಚ್ಚಿದ ಮೆಕ್ಕೆಜೋಳವನ್ನು ಇಂಥದೇ ಯಂತ್ರದಲ್ಲಿ ಬಿತ್ತಿದಾಗ ಪುಡಿ ಹಾರಿ ಸಾವಿರಾರು ಜೇನುಗೂಡುಗಳಿಗೆ ಪೆಟ್ಟು ಬಿದ್ದಿತ್ತು. ನಮ್ಮ ತೋಟದಂಚಿನಲ್ಲಿ ತುಡುವೆ ಜೇನಿನ ಪೆಟ್ಟಿಗೆಗಳಿವೆ. ಬ್ಲೋವರಿನ ಗಾಳಿ ಹೊರಬೀಳುವ ಬಾಯಿಗೆ ಒಂದು ತಗಡಿನ ಮೊಣಕೈ ಕೂರಿಸಿ ಗಾಳಿ ನೆಲದ ಕಡೆ ಹೋಗುವ ಹಾಗೆ ಮಾಡಿ. ಡ್ರೈವರ್ ಮೂಗಿಗೂ ಒಳ್ಳೇದು.

ಎಲ್ಲ ಸಾಲೂ ತಪ್ಪುತ್ತಿದ್ದರೆ

ಮೊದಲು ವೇಗ. ಗಂಟೆಗೆ 5 ಕಿ.ಮೀ. ಹೋದರೆ 20 ಸೆಂ.ಮೀ. ಅಂತರಕ್ಕೆ ಒಂದೊಂದು ತಟ್ಟೆ ಸೆಕೆಂಡಿಗೆ ಹತ್ತಿರತ್ತಿರ 7 ಬೀಜ ಹಿಡಿದು ಬಿಡಬೇಕು. 8 ಕಿ.ಮೀ. ಹೋದರೆ 11. ಹಳೇ ಯಂತ್ರ ಅಷ್ಟು ಓಡಲಾರದು. ಹೊಲದಲ್ಲಿ 10 ಮೀಟರ್ ಗುರುತು ಹಾಕಿ ದಾಟಿಸಿ. 8 ಸೆಕೆಂಡು ಹಿಡಿದರೆ ವೇಗ ಗಂಟೆಗೆ 4.5 ಕಿ.ಮೀ. ಅಷ್ಟು ಸಾಕು. ಮೋಡ ಕವಿದಾಗ ಡ್ರೈವರ್ ಗೇರ್ ಏರಿಸುತ್ತಾನೆ, ಗ್ಯಾಪೂ ಏರುತ್ತದೆ.

ಆಮೇಲೆ ಪಿಟಿಓ. ಈ ಯಂತ್ರಗಳಿಗೆ ನಿಮಿಷಕ್ಕೆ 540 ಸುತ್ತು ಬೇಕು. ಹಳೇ ಟ್ರ್ಯಾಕ್ಟರಿನ ಮೀಟರ್ ಮುಳ್ಳನ್ನು ನಂಬಬೇಡಿ. ಶಾಫ್ಟಿಗೆ ಹೊಳೆಯುವ ಸ್ಟಿಕ್ಕರ್ ಅಂಟಿಸಿ ದೂರದಿಂದ ಬೆಳಕು ಬಿಟ್ಟು ಅಳೆಯುವ ಟ್ಯಾಕೋಮೀಟರ್ ಮೋಟಾರ್ ರಿವೈಂಡಿಂಗ್ ಅಂಗಡಿಯವರ ಹತ್ತಿರ ಇರಬಹುದು, ಕೇಳಿ ನೋಡಿ. ಇದಕ್ಕೆ ಯಾಕಿಷ್ಟು ಹಟ ಅಂದರೆ, ಬ್ಲೋವರಿನ ಎಳೆತ ಸುತ್ತಿನ ವರ್ಗದ ಲೆಕ್ಕದಲ್ಲಿ ಇಳಿಯುತ್ತದೆ. 540 ಇರಬೇಕಾದ್ದು 450 ಆದರೆ ಸುತ್ತು ಆರನೇ ಒಂದು ಭಾಗ ಕಡಿಮೆ, ಎಳೆತ ಮಾತ್ರ ಶೇಕಡಾ 30 ಕಡಿಮೆ. ಡೀಸೆಲ್ ಉಳಿಸಲು ಆಕ್ಸಿಲರೇಟರ್ ಇಳಿಸಿದವರಿಗೆ ಈ ಲೆಕ್ಕ ಹೇಳಿ. ಇನ್ನೊಂದು, ಈಗಿನ ಕೆಲವು ಟ್ರ್ಯಾಕ್ಟರುಗಳಲ್ಲಿ ಪಿಟಿಓಗೆ ಎರಡು-ಮೂರು ಲಿವರ್ ಸ್ಥಾನ ಇರುತ್ತವೆ. ಒಂದು ಸ್ಥಾನದಲ್ಲಿ ಪಿಟಿಓ ಚಕ್ರದ ವೇಗಕ್ಕೆ ತಕ್ಕಂತೆ ತಿರುಗುತ್ತದೆ. ಲಿವರ್ ಅಲ್ಲಿದ್ದರೆ ಟ್ರ್ಯಾಕ್ಟರ್ ನಿಧಾನ ಆದಾಗೆಲ್ಲ ಎಳೆತ ಕುಸಿಯುತ್ತದೆ.

ಪಿಟಿಓ ಸರಿ ಇದ್ದರೆ ಬೆಲ್ಟ್ ನೋಡಿ. ಗಾರ್ಡ್ ಬಿಚ್ಚಿದಾಗ ಕಪ್ಪು ರಬ್ಬರ್ ಪುಡಿ ಉದುರಿದ್ದರೆ, ಬೆಲ್ಟಿನ ಪಕ್ಕ ಕನ್ನಡಿಯಂತೆ ಹೊಳೆಯುತ್ತಿದ್ದರೆ ಅದು ಜಾರುತ್ತಿದೆ. ವಿ ಬೆಲ್ಟ್ ಪುಲ್ಲಿಯ ತೋಡಿನ ಪಕ್ಕಗಳನ್ನು ಹಿಡಿಯಬೇಕು, ತಳ ಮುಟ್ಟಬಾರದು. ತಳ ಮುಟ್ಟಿದ್ದರೆ ಎಷ್ಟು ಬಿಗಿ ಮಾಡಿದರೂ ಸುಮ್ನೆ ಬೇರಿಂಗ್ ಹಾಳು. ಎರಡು ಬೆಲ್ಟ್ ಇದ್ದರೆ ಎರಡನ್ನೂ ಒಟ್ಟಿಗೆ ಬದಲಿಸಿ.

ಇಷ್ಟಾದ ಮೇಲೆ ಎಳೆತವನ್ನೇ ಅಳೆಯಬಹುದು. ಯಂತ್ರದ ಗೇಜ್ ಹಾಳಾಗಿರುತ್ತದೆ, ಹಳೇದರಲ್ಲಿ ಅದು ಸರಿ ಇದ್ದದ್ದು ನಾನು ಕಂಡಿಲ್ಲ. ಗಾರೆ ಮೇಸ್ತ್ರಿ ಬಳಸುವ ಲೆವೆಲ್ ಪೈಪ್ ತನ್ನಿ. ಎರಡು ಮೀಟರ್ ಉದ್ದದ ಪೈಪನ್ನು ಹಲಗೆಯ ಮೇಲೆ ಯು ಆಕಾರಕ್ಕೆ ಕಟ್ಟಿ, ಅರ್ಧಕ್ಕೆ ಬಣ್ಣದ ನೀರು ತುಂಬಿ. ಒಂದು ತುದಿ ತೆರೆದಿರಲಿ. ಇನ್ನೊಂದನ್ನು ಡಬ್ಬಿಯ ಹತ್ತಿರ ಎಳೆತದ ಪೈಪಿಗೆ ಟಿ ಹಾಕಿ ಜೋಡಿಸಿ. ಬ್ಲೋವರ್ ಓಡಿದಾಗ ಒಂದು ಕಡೆ ನೀರು ಏರುತ್ತದೆ, ಇನ್ನೊಂದು ಕಡೆ ಇಳಿಯುತ್ತದೆ. ಎರಡು ಮಟ್ಟಗಳ ನಡುವಿನ ಅಂತರವನ್ನು ಸೆಂ.ಮೀ.ನಲ್ಲಿ ಅಳೆಯಿರಿ. ಒಂದು ಸೆಂ.ಮೀ. ಅಂದರೆ ಹತ್ತಿರತ್ತಿರ ಒಂದು ಮಿಲಿಬಾರ್. ಮೆಕ್ಕೆಜೋಳಕ್ಕೆ 50ರ ಆಸುಪಾಸು ಇದ್ದರೆ ಚಿಂತೆ ಇಲ್ಲ. ನಿಮ್ಮ ಯಂತ್ರದ ಪುಸ್ತಕದಲ್ಲಿ ಬೇರೆ ಅಂಕಿ ಇದ್ದರೆ ಅದನ್ನೇ ಹಿಡಿಯಿರಿ.

ಒಂದು ಎಚ್ಚರಿಕೆ. ತಟ್ಟೆಯ ತೂತುಗಳಿಗೆಲ್ಲ ಬೀಜ ಅಂಟಿರುವಾಗ ಮಾತ್ರ ಈ ಅಳತೆ ಸರಿ. ಪ್ಲಾಂಟರನ್ನು ನೆಲದಿಂದ ಸ್ವಲ್ಪ ಎತ್ತಿ, ಕೆಳಗೆ ಮರದ ದಿಮ್ಮಿ ಕೊಟ್ಟು, ಚಕ್ರವನ್ನು ಕೈಯಲ್ಲಿ ತಿರುಗಿಸಿ ತಟ್ಟೆ ತುಂಬಿಸಿ. ಖಾಲಿ ತೂತಿನಿಂದ ಗಾಳಿ ನುಗ್ಗುತ್ತಿದ್ದರೆ ಓದು ಕಡಿಮೆಯೇ ಬರುತ್ತದೆ, ತೂತಾದ ಸ್ಟ್ರಾದಲ್ಲಿ ಎಳನೀರು ಕುಡಿದ ಹಾಗೆ.

ಈಗ ಬ್ಲೋವರ್ ಗಾಳಿ ಎಳೆದುಕೊಳ್ಳುವ ಬಾಯಲ್ಲೂ ಅಳೆಯಿರಿ. ಬಾಯಲ್ಲಿ 55 ಇದ್ದು ಡಬ್ಬಿಯಲ್ಲಿ 35 ಬಂದರೆ ನಡುವೆ ಸೋರಿಕೆ ಇದೆ. ಊದುಬತ್ತಿಗೆ ವಾಪಸ್.

ಎಳೆತ ಸರಿ, ಆದರೂ ಅಂತರ ಜಾಸ್ತಿ

ಗ್ಯಾಪ್ ಇಲ್ಲ, ಆದರೆ 20 ಸೆಂ.ಮೀ. ಇರಬೇಕಾದ್ದು ಉದ್ದಕ್ಕೂ 23-24 ಆಗಿದೆ ಅಂದರೆ ಚಕ್ರ ಜಾರುತ್ತಿದೆ. ಮಳೆ ಬಿದ್ದ ಮರುದಿನ ಜಿಗಟು ಮಣ್ಣಲ್ಲಿ ಇದು ಆಗಿಯೇ ಆಗುತ್ತದೆ. ಚಕ್ರಕ್ಕೆ ಬಿಳಿ ಗುರುತು ಹಾಕಿ, ಹೊಲದಲ್ಲಿ ಹತ್ತು ಸುತ್ತಿಗೆ ಎಷ್ಟು ದೂರ ಹೋಯಿತು ಅಂತ ಅಳೆಯಿರಿ. ರಸ್ತೆ ಮೇಲೂ ಅಳೆಯಿರಿ. ಹೊಲದಲ್ಲಿ ದೂರ ಹತ್ತನೇ ಒಂದು ಭಾಗ ಜಾಸ್ತಿ ಬಂದರೆ ಬೀಜದ ಅಂತರವೂ ಅಷ್ಟೇ ಜಾಸ್ತಿ. ಚಕ್ರದ ಮೇಲಿನ ಸ್ಪ್ರಿಂಗ್ ಬಿಗಿ ಮಾಡಿ, ಕೆಸರು ಕೆರೆಯುವ ಪಟ್ಟಿ ಇದೆಯಾ ನೋಡಿ. ಇಲ್ಲದಿದ್ದರೆ ಅರ್ಧ ದಿನ ಕಾಯಿರಿ, ನೆಲ ಆರಲಿ. ಮೊದಲ ಯಜಮಾನ ಚೈನಿನ ಹಲ್ಲುಗಾಲಿ ಬದಲಿಸಿರುವ ಸಾಧ್ಯತೆಯೂ ಇದೆ, ಹಲ್ಲು ಎಣಿಸಿ.

ಉಳುಮೆ ಇಲ್ಲದೆ ಬಿತ್ತುವಾಗ

ಭತ್ತ ಕೊಯ್ದ ಗದ್ದೆಯಲ್ಲಿ ನೇರವಾಗಿ ಮೆಕ್ಕೆಜೋಳ ಬಿತ್ತುವವರಿಗೆ ಬೇರೆಯೇ ತೊಂದರೆ. ಸಾಲು ಸೀಳುವ ಡಿಸ್ಕ್ ಮೊಂಡಾಗಿದ್ದರೆ ಹುಲ್ಲನ್ನು ಕತ್ತರಿಸದೆ ಸಾಲಿನೊಳಗೆ ಮಡಚಿ ತುರುಕುತ್ತದೆ. ಬೀಜ ಆ ಹುಲ್ಲಿನ ಮೇಲೆ ಕೂರುತ್ತದೆ, ಮಣ್ಣು ತಾಗುವುದಿಲ್ಲ, ಮೊಳೆಯುವುದಿಲ್ಲ. ಕೆದಕಿದಾಗ ಬೀಜದ ಜೊತೆ ಮಡಚಿದ ಹುಲ್ಲು ಎದ್ದು ಬಂದರೆ ಇದೇ. ಬೆಳಗಿನ ಇಬ್ಬನಿಯಲ್ಲಿ ಹುಲ್ಲು ಮೆತ್ತಗಿರುತ್ತದೆ, ಕತ್ತರಿಸುವುದಿಲ್ಲ. ಹತ್ತು ಗಂಟೆ ಬಿಸಿಲು ಬಿದ್ದ ಮೇಲೆ ಶುರು ಮಾಡಿ. ಕಟಾವು ಯಂತ್ರ ಗುಡ್ಡೆ ಹಾಕಿ ಹೋದ ಹುಲ್ಲನ್ನು ಮೊದಲೇ ಹರಡಿ.

ಗದ್ದೆ ಮಣ್ಣಲ್ಲಿ ಇನ್ನೊಂದು. ಪ್ಲಾಂಟರನ್ನು ನಿಂತಲ್ಲೇ ನೆಲಕ್ಕೆ ಇಳಿಸಿದರೆ ಬೀಜ ಬೀಳುವ ಬಾಯಿಗೆ ಮಣ್ಣು ಮೆತ್ತಿಕೊಳ್ಳುತ್ತದೆ. ಹಿಂದಕ್ಕೆ ಸರಿಸಿದರಂತೂ ಬಾಯಿ ಮುಚ್ಚಿಯೇ ಹೋಗುತ್ತದೆ. ಮುಂದಕ್ಕೆ ಚಲಿಸುತ್ತಲೇ ಇಳಿಸಬೇಕು, ರಿವರ್ಸ್ ಬೇಕಾದರೆ ಎತ್ತಲೇಬೇಕು. ಒಂದು ಸಾಲು ಪೂರ್ತಿ ಖಾಲಿ ಹೋದಾಗ ನಾನು ಮೊದಲು ಬಗ್ಗಿ ನೋಡುವುದು ಈ ಬಾಯನ್ನೇ.

ಗೊಬ್ಬರದ ಡಬ್ಬಿ

ಚಿಕ್ಕ ಮಾತು. ನಮ್ಮ ಹವೆಯಲ್ಲಿ ಗೊಬ್ಬರ ರಾತ್ರಿ ಡಬ್ಬಿಯಲ್ಲೇ ಉಳಿದರೆ ಬೆಳಿಗ್ಗೆ ಕಲ್ಲು. ಯೂರಿಯಾ ಬೆರೆಸಿದ್ದರೆ ಇನ್ನೂ ಬೇಗ. ಗೊಬ್ಬರದ ಶಾಫ್ಟ್ ಸಿಕ್ಕಿಕೊಂಡು ಚೈನ್ ಹಾರುತ್ತದೆ, ಬೀಜದ ತಟ್ಟೆಯೂ ನಿಲ್ಲುತ್ತದೆ. ನಾವು ಬೀಜದ ಕಡೆ ಹುಡುಕುತ್ತಾ ಕೂರುತ್ತೇವೆ.

ಈಗ ಬ್ಲೋವರ್

ಪಿಟಿಓ 540 ಇದೆ, ಬೆಲ್ಟ್ ಹೊಸದು, ಬ್ಲೋವರಿನ ಬಾಯಲ್ಲೇ ಲೆವೆಲ್ ಪೈಪ್ 40 ದಾಟುತ್ತಿಲ್ಲ. ಆಗ ಬ್ಲೋವರ್ ಬಿಚ್ಚಿ. ಮೊದಲು ಒಳಗಿನ ರೆಕ್ಕೆಗಳಲ್ಲಿ ಮೆತ್ತಿದ ಪುಡಿ, ಹೊಟ್ಟು ತೆಗೆಯಿರಿ. ಕೈಗವಸು, ಮುಖಕ್ಕೆ ಬಟ್ಟೆ ಇರಲಿ, ಅದೂ ಔಷಧಿಯ ಪುಡಿಯೇ. ಬೆಲ್ಟ್ ಕಳಚಿ ಶಾಫ್ಟ್ ಹಿಡಿದು ಮೇಲೆ ಕೆಳಗೆ ಅಲುಗಾಡಿಸಿ. ಕೈಗೆ ಆಟ ಸಿಕ್ಕರೆ ಬೇರಿಂಗ್ ಹೋಗಿದೆ. ತಿರುಗಿಸಿದಾಗ ಮರಳು ಅರೆದ ಸದ್ದು ಬಂದರೂ ಅಷ್ಟೇ. ಬೇರಿಂಗಿನ ಮೇಲಿನ ನಂಬರ್ ಬರೆದುಕೊಂಡು ಪೇಟೆಗೆ ಹೋಗಿ. ನಿಮಿಷಕ್ಕೆ ಕೆಲವು ಸಾವಿರ ಸುತ್ತು ತಿರುಗುವ ಶಾಫ್ಟಿಗೆ ಅಗ್ಗದ ಬೇರಿಂಗ್ ಹಾಕಬೇಡಿ.

ರೆಕ್ಕೆ ಮುರಿದಿದ್ದರೆ ಊರಿನ ವೆಲ್ಡಿಂಗ್ ಅಂಗಡಿಗೆ ಕೊಡಬೇಡಿ. ವೆಲ್ಡ್ ಹಾಕಿದ ಕಡೆ ತೂಕ ಹೆಚ್ಚಾಗಿ ಇಡೀ ಪ್ಲಾಂಟರ್ ನಡುಗುತ್ತದೆ, ಆ ವೇಗದಲ್ಲಿ ತುಂಡು ಹಾರಿದರೆ ಪಕ್ಕದಲ್ಲಿದ್ದವರ ಜೀವಕ್ಕೇ ಅಪಾಯ. ಬ್ಯಾಲೆನ್ಸಿಂಗ್ ಮಾಡುವ ವರ್ಕ್‌ಶಾಪಿಗೇ ಒಯ್ಯಬೇಕು, ಇಲ್ಲವೇ ಬೇರೆ ಫ್ಯಾನ್ ಹಾಕಬೇಕು. ಫ್ಯಾನ್ ಬರಲು ದಿನ ಹಿಡಿಯುತ್ತದೆ. ಅದಕ್ಕೇ ಲೆವೆಲ್ ಪೈಪಿನ ಅಳತೆಯನ್ನು ಯುಗಾದಿ ಹೊತ್ತಿಗೇ ಶೆಡ್ಡಿನಲ್ಲಿ ಒಮ್ಮೆ ತೆಗೆದು, ಅಂಕಿಯನ್ನು ಡಬ್ಬಿಯ ಮುಚ್ಚಳದ ಒಳಗೆ ಪೇಂಟಿನಲ್ಲಿ ಬರೆದಿಡಿ.